ನಾಲ್ಕನೇ ಪುಟದ ಸಣ್ಣ ಅಕ್ಷರ: ಕಲಬುರಗಿಯ ಒಂದು ಜೆನೆಟಿಕ್ ಪ್ರಕರಣ ಮತ್ತು ಅದರಿಂದ ಹುಟ್ಟಿದ ನಿಯಮಗಳು

ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಗಂಡ ಹೆಂಡತಿ. ಅವಳು ಅವನ ಅಕ್ಕನ ಮಗಳು. ಮೊದಲ ಮಗು ಗಂಡು, ಐದು ತಿಂಗಳಿಗೆ ತೀರಿಕೊಂಡಿತು. ಎರಡನೇ ಬಸಿರನ್ನು ಐದನೇ ತಿಂಗಳಲ್ಲಿ ತೆಗೆಸಿದರು. ಮೂರನೇ ಸಲ ಬಸಿರಾಗಿ, ಒಂಬತ್ತನೇ ವಾರದಲ್ಲಿ ಕಲಬುರಗಿಗೆ ನಮ್ಮ ಹತ್ತಿರ ಬಂದರು. ಅವರು ಕೇಳಿದ್ದು ಒಂದೇ: "ಈ ಸಲನೂ ಅದೇ ಟೆಸ್ಟ್ ಮಾಡಿಸಬೇಕೇನ್ರಿ?"

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹಿಂದೆ ನೋಡಿದ ಆಸ್ಪತ್ರೆಯ, ಲ್ಯಾಬಿನ ಹೆಸರು ಇಲ್ಲಿ ಬರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಮಕ್ಕಳ ಡಾಕ್ಟರು, ಹೆರಿಗೆ ಡಾಕ್ಟರು ಎಲ್ಲರೂ ಈಗ ಜೆನೆಟಿಕ್ ಟೆಸ್ಟ್ ಬರೆಯುತ್ತಾರೆ. ಸ್ಯಾಂಪಲ್ ಕೊರಿಯರ್‌ನಲ್ಲಿ ಹೋಗುತ್ತದೆ, ರಿಪೋರ್ಟ್ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ನಡುವೆ ಅದನ್ನು ಓದಿ ಹೇಳುವವರು ಯಾರು ಅನ್ನುವುದು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ರಿಪೋರ್ಟಿನಲ್ಲಿ ಏನಿತ್ತು

ಗಂಡ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದ. ಮೊದಲ ಮಗುವಿನ ಡಿಸ್ಚಾರ್ಜ್ ಹಾಳೆ, ಎಕ್ಸೋಮ್ ರಿಪೋರ್ಟ್ (ಜೀನುಗಳ ಮುಖ್ಯ ಭಾಗಗಳನ್ನೆಲ್ಲ ಒಂದೇ ಸಲ ಓದುವ ಟೆಸ್ಟಿನದು), ಎರಡನೇ ಬಸಿರಿನ ಗರ್ಭನೀರಿನ ರಿಪೋರ್ಟ್, ಸಹಿ ಹಾಕಿದ ಒಪ್ಪಿಗೆ ಪತ್ರ. ಡಿಸ್ಚಾರ್ಜ್ ಹಾಳೆಯಲ್ಲಿ ಯಾರೋ ಕಿರಿಯ ಡಾಕ್ಟರು ಚೆನ್ನಾಗಿ ಬರೆದಿದ್ದರು: ಮಗುವಿನ ಕೈಕಾಲು ಬಲವಿಲ್ಲದೆ ಜೋಲುತ್ತವೆ, ಅಳು ಸಣ್ಣ, ಉಸಿರು ಹೊಟ್ಟೆಯಿಂದ ಆಡುತ್ತದೆ, ನಾಲಿಗೆ ಸಣ್ಣಗೆ ಅದುರುತ್ತದೆ, ಮಂಡಿ ತಟ್ಟಿದರೆ ಕಾಲು ಎಗರುವುದಿಲ್ಲ, ಕಣ್ಣು ಮಾತ್ರ ಚುರುಕಾಗಿದೆ. ಮಕ್ಕಳ ಡಾಕ್ಟರು ಯಾರೇ ಇದನ್ನು ಓದಲಿ, ಮೊದಲು ನೆನಪಾಗುವುದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ, ಅದರಲ್ಲೂ ಮೊದಲನೇ ಬಗೆ. ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು.

ಎಸ್‌ಎಂಎ ಬರುವುದು ಎಸ್‌ಎಂಎನ್1 ಅನ್ನುವ ಜೀನ್ ಕೆಟ್ಟಾಗ. ಸುಮಾರು 95 ಪರ್ಸೆಂಟ್ ರೋಗಿಗಳಲ್ಲಿ ಆ ಜೀನಿನ ಏಳನೇ ಎಕ್ಸಾನ್, ಅಂದರೆ ಒಂದು ತುಂಡು, ಎರಡೂ ಪ್ರತಿಗಳಲ್ಲಿ (ಅಪ್ಪನಿಂದ ಬಂದದ್ದು ಒಂದು, ಅಮ್ಮನಿಂದ ಬಂದದ್ದು ಒಂದು) ಬಿಟ್ಟುಹೋಗಿರುತ್ತದೆ. ಪಕ್ಕದಲ್ಲೇ ಎಸ್‌ಎಂಎನ್2 ಅಂತ ಇನ್ನೊಂದು ಜೀನ್ ಇದೆ, ಹೆಚ್ಚುಕಮ್ಮಿ ತದ್ರೂಪು. ಹಾಗಾಗಿ ಸಾಮಾನ್ಯ ಎಕ್ಸೋಮ್ ಟೆಸ್ಟ್‌ಗೆ ಯಾವುದು ಇದೆ, ಯಾವುದು ಇಲ್ಲ ಅಂತ ನಂಬಿಕೆಯಿಂದ ಹೇಳುವುದು ಕಷ್ಟ. ಎಸ್‌ಎಂಎ ಅನುಮಾನವಿದ್ದರೆ ಮೊದಲು ಮಾಡಬೇಕಾದ್ದು ಎಂಎಲ್‌ಪಿಎ ಅನ್ನುವ ಬೇರೆ ಟೆಸ್ಟ್. ಅದು ಎಕ್ಸಾನಿನ ಪ್ರತಿಗಳನ್ನು ಎಣಿಸುತ್ತದೆ. ಖರ್ಚೂ ಎಕ್ಸೋಮ್‌ಗಿಂತ ಕಡಿಮೆ.

ಮಗುವಿಗೆ ಮಾಡಿಸಿದ್ದು ಎಕ್ಸೋಮ್. ಮೊದಲ ಪುಟದ ಚೌಕದಲ್ಲಿ ಬೇರೊಂದು ಜೀನಿನ ಒಂದು ಬದಲಾವಣೆ, ಎರಡೂ ಪ್ರತಿಗಳಲ್ಲಿ. ಪಕ್ಕದಲ್ಲಿ ವಿಯುಎಸ್ ಅಂತ ವರ್ಗ ಹಾಕಿತ್ತು: ಮಹತ್ವ ಇನ್ನೂ ಖಚಿತವಾಗದ ಬದಲಾವಣೆ. ನಾಲ್ಕನೇ ಪುಟದಲ್ಲಿ, ಟೆಸ್ಟಿನ ಮಿತಿಗಳು ಅನ್ನುವ ಕಡೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಈ ವಿಧಾನದಲ್ಲಿ ಎಸ್‌ಎಂಎನ್1 ಡಿಲೀಷನ್ (ತುಂಡು ಬಿಟ್ಟುಹೋಗಿರುವುದು) ಸಿಗದೇ ಇರಬಹುದು, ಅನುಮಾನವಿದ್ದರೆ ಎಂಎಲ್‌ಪಿಎ ಮಾಡಿಸಿ. ಲ್ಯಾಬ್ ತನ್ನ ಮಾತು ಹೇಳಿತ್ತು. ಆ ಪುಟದವರೆಗೆ ಯಾರೂ ಹೋಗಿರಲಿಲ್ಲ.

"ಕಾರಣ ಸಿಕ್ಕಿದೆ, ಮುಂದಿನ ಸಲ ಇದನ್ನೇ ನೋಡೋಣ" ಅಂತ ಮನೆಯವರಿಗೆ ಹೇಳಲಾಯಿತು. ಎರಡನೇ ಬಸಿರಿನಲ್ಲಿ ಗರ್ಭನೀರು ತೆಗೆದು ಅದೇ ಬದಲಾವಣೆ ಹುಡುಕಿದರು. ಎರಡೂ ಪ್ರತಿಗಳಲ್ಲಿ ಸಿಕ್ಕಿತು. ಬಸಿರು ತೆಗೆಸಿದರು.

ನಿಯಮ ಇರಲಿಲ್ಲವೇ?

ಇತ್ತು. ಇದನ್ನು ನಾನು ಒತ್ತಿ ಹೇಳಬೇಕು. ಅಮೆರಿಕದ ಮೆಡಿಕಲ್ ಜೆನೆಟಿಕ್ಸ್ ತಜ್ಞರ ಸಂಘ ಎಸಿಎಂಜಿ, ಮಾಲಿಕ್ಯುಲರ್ ಪೆಥಾಲಜಿ ಸಂಘದ ಜೊತೆ ಸೇರಿ 2015ರಲ್ಲಿ ಒಂದು ಮಾರ್ಗಸೂಚಿ ಹೊರತಂದಿತು. ಜೀನಿನ ಬದಲಾವಣೆಗಳನ್ನು ಐದು ವರ್ಗ ಮಾಡುವುದು ಅದರ ಕ್ರಮ: ರೋಗಕಾರಕ, ಬಹುಶಃ ರೋಗಕಾರಕ, ಖಚಿತವಿಲ್ಲದ್ದು, ಬಹುಶಃ ನಿರಪಾಯ, ನಿರಪಾಯ. 'ಬಹುಶಃ' ಅನ್ನಬೇಕಾದರೂ 90 ಪರ್ಸೆಂಟ್‌ಗಿಂತ ಜಾಸ್ತಿ ಖಾತ್ರಿ ಬೇಕು. ಖಚಿತವಿಲ್ಲದ ಬದಲಾವಣೆಯನ್ನು ಹಿಡಿದು ಚಿಕಿತ್ಸೆಯ ತೀರ್ಮಾನ ಮಾಡಬಾರದು ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಭಾರತದ ಲ್ಯಾಬುಗಳೂ ಸಾಮಾನ್ಯವಾಗಿ ಇದೇ ಐದು ವರ್ಗ ಬಳಸುತ್ತವೆ.

ನಮ್ಮ ಭಾಗದಲ್ಲಿ ಈ ನಿಯಮ ಇನ್ನೂ ಬಿಗಿಯಾಗಿ ಪಾಲಿಸಬೇಕು. ರಾಜ್ಯದಲ್ಲಿ ಸುಮಾರು ನಾಲ್ವರು ವಿವಾಹಿತೆಯರಲ್ಲಿ ಒಬ್ಬರದು ರಕ್ತಸಂಬಂಧದ ಮದುವೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸೋದರಮಾವನಿಗೆ ಕೊಟ್ಟ ಹುಡುಗಿಯ ಮಗುವಿನಲ್ಲಿ ಸರಾಸರಿ ಎಂಟನೇ ಒಂದು ಭಾಗ ಜೀನುಗಳು ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ನಕಲಾಗಿ ಬಂದಿರುತ್ತವೆ. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ ಹದಿನಾರನೇ ಒಂದು ಭಾಗ. ಅಂಥ ಮಗುವಿನ ಎಕ್ಸೋಮ್‌ನಲ್ಲಿ 'ಎರಡೂ ಪ್ರತಿಗಳಲ್ಲಿ ಅಪರೂಪದ ಬದಲಾವಣೆ' ಕಂಡರೆ ಅಚ್ಚರಿ ಪಡಬೇಕಾಗಿಲ್ಲ. ಕಾಣದಿದ್ದರೇ ಅಚ್ಚರಿ. ಅವುಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. 'ಅಪರೂಪ' ಅನ್ನುವುದನ್ನೂ ಹುಷಾರಾಗಿ ಓದಬೇಕು. ಹೋಲಿಸುವ ಜಾಗತಿಕ ಪಟ್ಟಿಗಳಲ್ಲಿ ನಮ್ಮ ಜನ ಬಹಳ ಕಡಿಮೆ. ಜಿನೋಮ್ ಇಂಡಿಯಾ ಯೋಜನೆಯ 10,000 ಜಿನೋಮ್‌ಗಳ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡದ್ದು 2025ರ ಜನವರಿಯಲ್ಲಷ್ಟೇ.

ಹಾಗಾದರೆ ತಪ್ಪಿದ್ದೆಲ್ಲಿ? ಮಾರ್ಗಸೂಚಿ ಲ್ಯಾಬಿನ ಬಾಗಿಲವರೆಗೆ ಬಂದಿತ್ತು. ಅಲ್ಲಿಂದ ನಮ್ಮ ಓಪಿಡಿಯವರೆಗಿನ ದಾರಿಗೆ ಯಾರೂ ಏನೂ ಬರೆದಿರಲಿಲ್ಲ. ಟೆಸ್ಟ್ ಬರೆಯುವವರು ಏನು ಅನುಮಾನ ಅಂತ ನಮೂದಿಸಬೇಕು, ರಿಪೋರ್ಟನ್ನು ಯಾರು ಪೂರ್ತಿ ಓದಬೇಕು, ಮನೆಯವರಿಗೆ ಯಾವ ಮಾತಿನಲ್ಲಿ ಹೇಳಬೇಕು, ಹೇಳಿದ್ದನ್ನು ಎಲ್ಲಿ ಬರೆದಿಡಬೇಕು. ಇಷ್ಟು ಇಲ್ಲದಿದ್ದರೆ ಎಷ್ಟು ಒಳ್ಳೆಯ ಮಾರ್ಗಸೂಚಿಯೂ ಇಲ್ಲಿಗೆ ತಲುಪುವುದಿಲ್ಲ.

ಮೂರನೇ ಬಸಿರು

ಅದೃಷ್ಟಕ್ಕೆ ಮೊದಲ ಮಗುವಿನ ಡಿಎನ್‌ಎ ಲ್ಯಾಬಿನಲ್ಲಿ ಉಳಿದಿತ್ತು. ಇಂಥ ಎಷ್ಟೋ ಮನೆಗಳಲ್ಲಿ ಮಗು ಹೋದಮೇಲೆ ಪರೀಕ್ಷೆ ಮಾಡಲು ಏನೂ ಉಳಿದಿರುವುದಿಲ್ಲ. ಮಗುವಿನ ಉಳಿದ ಡಿಎನ್‌ಎ ಮತ್ತು ಗಂಡ ಹೆಂಡತಿಯ ರಕ್ತ, ಮೂರಕ್ಕೂ ಎಂಎಲ್‌ಪಿಎ ಮಾಡಿಸಿದೆವು. ಮಗುವಿನಲ್ಲಿ ಎಸ್‌ಎಂಎನ್1ರ ಏಳನೇ ಎಕ್ಸಾನ್ ಸೊನ್ನೆ. ಗಂಡನಲ್ಲಿ ಒಂದು ಪ್ರತಿ, ಹೆಂಡತಿಯಲ್ಲಿ ಒಂದು ಪ್ರತಿ. ಇಬ್ಬರೂ ವಾಹಕರು, ಅಂದರೆ ಒಂದು ಪ್ರತಿ ಇಲ್ಲದಿದ್ದರೂ ತಮಗೆ ಕಾಯಿಲೆ ಇಲ್ಲದವರು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಹನ್ನೆರಡನೇ ವಾರ ದಾಟಿದ ಮೇಲೆ ಹೈದರಾಬಾದಿನಲ್ಲಿ ಸಿವಿಎಸ್ ಆಯಿತು, ಅಂದರೆ ಮಾಸಿನ ಚೂರು ತೆಗೆದು ಪರೀಕ್ಷೆ. ಕಲಬುರಗಿಯಿಂದ ಹೈದರಾಬಾದ್ ಇನ್ನೂರು ಕಿಲೋಮೀಟರ್ ಮೇಲೆ ಸ್ವಲ್ಪ, ಬೆಂಗಳೂರು ಅದರ ಎರಡೂವರೆ ಪಟ್ಟಿಗಿಂತ ದೂರ. ನಮ್ಮ ಜನ ಹೋಗುವುದು ಆ ಕಡೆಗೇ. ಅಲ್ಲಿನ ನಿಮ್ಸ್ ಆಸ್ಪತ್ರೆಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ತಾಯಿಯ ಜೀವಕೋಶ ಸ್ಯಾಂಪಲ್‌ಗೆ ಬೆರೆತಿಲ್ಲ ಅಂತ ಖಾತ್ರಿ ಮಾಡಿಕೊಂಡು ಲ್ಯಾಬ್ ಉತ್ತರ ಕೊಟ್ಟಿತು: ಒಂದು ಪ್ರತಿ ಇದೆ. ಮಗು ತಂದೆ ತಾಯಿಯ ಹಾಗೇ ವಾಹಕ, ಕಾಯಿಲೆ ಬರುವುದಿಲ್ಲ.

ಸಿವಿಎಸ್‌ಗೆ ಮುಂಚೆ ಒಪ್ಪಿಗೆ ಪತ್ರದ ವಿಷಯ ಬಂತು. ಪಿಸಿಪಿಎನ್‌ಡಿಟಿ ಕಾಯ್ದೆ (ಗರ್ಭದಲ್ಲಿ ಲಿಂಗ ಪತ್ತೆಯನ್ನು ತಡೆಯುವ, ಬಸಿರಿನ ಪರೀಕ್ಷೆಗಳನ್ನು ನಿಯಂತ್ರಿಸುವ ಕಾಯ್ದೆ) 1994ರದು. ಬಸಿರಿನಲ್ಲಿ ಇಂಥ ಪರೀಕ್ಷೆ ಮಾಡುವ ಮುಂಚೆ ಅಡ್ಡಪರಿಣಾಮಗಳನ್ನು ವಿವರಿಸಿ, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೇ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಚೀಲದಲ್ಲಿದ್ದ ಹಳೆಯ ಪತ್ರ ಇಂಗ್ಲಿಷಿನಲ್ಲಿತ್ತು. ಕೆಳಗೆ ಕನ್ನಡದಲ್ಲಿ ಅವಳ ಹೆಸರು, ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ. ಕನ್ನಡ ಓದಲು ಬರುವ ಹೆಣ್ಣುಮಗಳಿಗೆ ಕನ್ನಡದ ಹಾಳೆ ಕೊಡುವುದು ಅಷ್ಟು ಕಷ್ಟವೇ? ಇದಕ್ಕೆ ತಜ್ಞರು ಬೇಕಿಲ್ಲ, ದುಡ್ಡು ಬೇಕಿಲ್ಲ. ಮಾಡಬೇಕು ಅನ್ನಿಸಬೇಕು, ಅಷ್ಟೇ.

ಹೇಳುವುದೋ ಬೇಡವೋ

ಎಂಎಲ್‌ಪಿಎ ಉತ್ತರ ಬಂದ ದಿನವೇ ನಮ್ಮ ನಡುವೆ ಜೋರು ಚರ್ಚೆ ಆಯಿತು. ನಾವು ಅಂದರೆ ಕಲಬುರಗಿಯ ಕೆಲವು ಮಕ್ಕಳ ಡಾಕ್ಟರು, ಹೆರಿಗೆ ಡಾಕ್ಟರು, ಒಬ್ಬ ಪೆಥಾಲಜಿಸ್ಟ್, ಒಬ್ಬ ಸ್ಟಾಫ್ ನರ್ಸ್, ವಿಡಿಯೋದಲ್ಲಿ ಬೆಂಗಳೂರಿನ ಒಬ್ಬ ಜೆನೆಟಿಕ್ ಕೌನ್ಸೆಲರ್. ಪ್ರಶ್ನೆ ಇದು: ಎರಡನೇ ಬಸಿರು ತೆಗೆಸಿದ್ದು ಸರಿಯಾದ ಆಧಾರದ ಮೇಲೆ ಅಲ್ಲ ಅಂತ ಅವರಿಗೆ ಹೇಳಬೇಕೋ ಬೇಡವೋ?

"ಆಗಿದ್ದು ಆಗಿಹೋಯ್ತು, ಈಗ ಬಸಿರಿ, ಸುಮ್ನೆ ಯಾಕೆ ನೋಯಿಸೋದು" ಅಂದರು ಕೆಲವರು. ಆ ಮಾತಿನ ಹಿಂದೆ ಕರುಣೆ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಹೇಳಲೇಬೇಕು ಅನ್ನುವುದೇ ನನ್ನ ನಿಲುವಾಗಿತ್ತು, ಈಗಲೂ ಅದೇ. ಹಳೆಯ ರಿಪೋರ್ಟ್ ಅವರ ಚೀಲದಲ್ಲೇ ಇರುತ್ತದೆ. ನಾಳೆ ನೆಂಟರಲ್ಲಿ ಇನ್ನೊಬ್ಬಳು ಬಸಿರಾದರೆ ಅದೇ ರಿಪೋರ್ಟ್ ಹಿಡಿದು ಇನ್ನೊಂದು ಆಸ್ಪತ್ರೆಗೆ ಹೋಗುತ್ತಾರೆ. ಅದಕ್ಕಿಂತ ದೊಡ್ಡದು, ಅದು ಅವರ ಮಗು, ಅವರ ಬದುಕು. ತಿಳಿದುಕೊಳ್ಳುವ ಹಕ್ಕು ಅವರದು.

ಇಬ್ಬರನ್ನೇ ಕೂರಿಸಿ ಹೇಳಿದೆವು. ಮಾವ, ಅತ್ತೆ, ಜೊತೆಗೆ ಬಂದ ಚಿಕ್ಕಪ್ಪ ಹೊರಗಿದ್ದರು. ಅವಸರ ಮಾಡಲಿಲ್ಲ. ಆಗ ಸಿಕ್ಕ ಬದಲಾವಣೆಗೆ ಕಾಯಿಲೆ ತರುವ ಶಕ್ತಿ ಇದೆ ಅಂತ ಯಾರಿಗೂ ಖಚಿತವಿರಲಿಲ್ಲ, ಅದರ ಬಲದ ಮೇಲೆ ಆ ತೀರ್ಮಾನಕ್ಕೆ ದಾರಿ ತೋರಿಸಬಾರದಿತ್ತು, ನಿಮಗೆ ಕೊಟ್ಟ ಮಾಹಿತಿಯನ್ನು ನಂಬಿ ನಡೆದಿರಿ, ನಿಮ್ಮ ತಪ್ಪು ಏನೂ ಇಲ್ಲ. ಇಷ್ಟೇ ಹೇಳಿದ್ದು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಗಂಡ ಕೇಳಿದ: "ಹಂಗಾರ ಆ ಕೂಸು ಚೆಂದ ಇತ್ತೇನ್ರಿ?"

ಆ ಪ್ರಶ್ನೆಗೆ ಉತ್ತರ ಹುಡುಕಬಹುದಿತ್ತು. ಎರಡನೇ ಬಸಿರಿನ ಗರ್ಭನೀರಿನ ಡಿಎನ್‌ಎ ಕೂಡ ಲ್ಯಾಬಿನಲ್ಲಿ ಉಳಿದಿತ್ತು. ಅದಕ್ಕೂ ಎಂಎಲ್‌ಪಿಎ ಮಾಡಿದರೆ ಆ ಮಗುವಿಗೆ ಎಸ್‌ಎಂಎ ಇತ್ತೋ ಇಲ್ಲವೋ ಗೊತ್ತಾಗುತ್ತಿತ್ತು. ಇದನ್ನೂ ಮುಚ್ಚಿಡದೆ ಹೇಳಿದೆವು. ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು ಅಂತಲೂ ಹೇಳಿದೆವು. ಆಗ ಅವಳು ಬಾಯಿ ಬಿಟ್ಟಳು: "ಬ್ಯಾಡ್ರಿ. ನನಗ ಅದು ತಿಳಿಯೋದು ಬ್ಯಾಡ." ಗಂಡನಿಗೆ ತಿಳಿಯಬೇಕಿತ್ತು, ಅವಳಿಗೆ ಬೇಡವಾಗಿತ್ತು. ಆ ಟೆಸ್ಟಿನ ಉತ್ತರದಿಂದ ಮುಂದಿನ ಚಿಕಿತ್ಸೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಸ್ಯಾಂಪಲ್ ಅವಳ ಮೈಯಿಂದ ತೆಗೆದದ್ದು, ಒಪ್ಪಿಗೆ ಕೊಟ್ಟಿದ್ದು ಬೇರೆ ಪ್ರಶ್ನೆಗೆ. ಟೆಸ್ಟ್ ಮಾಡಿಸಲಿಲ್ಲ. ಗಂಡನೂ ಆಮೇಲೆ ಒತ್ತಾಯಿಸಲಿಲ್ಲ.

ಎರಡು ಹಾಳೆ

ಈ ಪ್ರಕರಣ ಮುಗಿಯುವ ಮೊದಲೇ ನಮ್ಮ ಮಟ್ಟಿಗೆ ಒಂದು ನಿಯಮಾವಳಿ ಬರೆಯಲು ಕೂತೆವು. ಎರಡೇ ಹಾಳೆ ಅಂತ ಮೊದಲೇ ಗಟ್ಟಿ ಮಾಡಿಕೊಂಡೆವು. ಜಾಸ್ತಿಯಾದರೆ ಓಪಿಡಿಯಲ್ಲಿ ಯಾರೂ ಓದುವುದಿಲ್ಲ. ಬದಲಾವಣೆಗಳನ್ನು ವರ್ಗ ಮಾಡುವ ಗೋಜಿಗೆ ಹೋಗಲಿಲ್ಲ. ಆ ಕೆಲಸ ಬಲ್ಲವರು ಮಾಡಿದ್ದಾರೆ. ಸ್ಯಾಂಪಲ್ ಹೋಗುವ ಮುಂಚೆ, ರಿಪೋರ್ಟ್ ಬಂದಮೇಲೆ ಇಲ್ಲಿ ನಾವು ಏನು ಮಾಡಬೇಕು ಅನ್ನುವುದಷ್ಟೇ ನಮ್ಮ ಪಾಲು.

ಟೆಸ್ಟ್ ಬರೆಯುವವರು 'ಎಕ್ಸೋಮ್' ಅಂತ ಒಂದು ಪದ ಬರೆದು ಕಳಿಸುವ ಹಾಗಿಲ್ಲ. ಏನು ಕಾಯಿಲೆ ಅನುಮಾನ, ಮೂರು ತಲೆಮಾರಿನ ವಂಶಚಿತ್ರ, ಯಾರು ಯಾರಿಗೆ ಏನಾಗಬೇಕು, ಎಲ್ಲ ಫಾರಂನಲ್ಲಿ ಇರಬೇಕು. ಕೈಕಾಲು ಜೋಲುವ ಮಗುವಿಗೆ ಮೊದಲು ಎಸ್‌ಎಂಎನ್1 ಟೆಸ್ಟ್, ಆಮೇಲೆ ಎಕ್ಸೋಮ್. ಮಗು ಉಳಿಯುವ ಹಾಗಿಲ್ಲ ಅನ್ನಿಸಿದರೆ, ತಂದೆ ತಾಯಿಯನ್ನು ಕೇಳಿ, ಎರಡು ಎಂಎಲ್ ರಕ್ತ ಇಡಿಟಿಎ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟದ ಟ್ಯೂಬ್) ತೆಗೆದು ಡಿಎನ್‌ಎ ಇಡಿಸಬೇಕು. ಈ ಸಾಲನ್ನು ಸೇರಿಸಿದ್ದು ನಮ್ಮ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ಮಗು ಹೋದಾಗ ಅಲ್ಲಿರುವವರು ಅವರೇ ಅಲ್ವಾ? ಯಾವ ಟ್ಯೂಬ್, ಎಲ್ಲಿ ಇಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಗೊತ್ತಿರಬೇಕು.

ರಿಪೋರ್ಟ್ ನೇರವಾಗಿ ಮನೆಯವರ ಫೋನಿಗೆ ಹೋಗುವುದನ್ನು ನಿಲ್ಲಿಸಲು ನಮ್ಮಿಂದ ಆಗುವುದಿಲ್ಲ. ಅದಕ್ಕೇ ಸ್ಯಾಂಪಲ್ ತೆಗೆಯುವ ದಿನವೇ ರಿಪೋರ್ಟ್ ಕೇಳಲು ಬರುವ ತಾರೀಖನ್ನೂ ಕೊಡುತ್ತೇವೆ. ಓದುವ ಡಾಕ್ಟರು ಮಿತಿಗಳ ಪುಟ ಓದಿದ್ದೇನೆ ಅಂತ ಕೇಸ್ ಶೀಟಿನಲ್ಲಿ ಸಹಿ ಮಾಡಬೇಕು. ವಿಯುಎಸ್ ಬಂದರೆ ಅದನ್ನು ಬಚ್ಚಿಡಬಾರದು, ಕಾರಣ ಅಂತಲೂ ಹೇಳಬಾರದು. ವಿಯುಎಸ್ ಒಂದನ್ನೇ ನೆಚ್ಚಿ ಬಸಿರಿನಲ್ಲಿ ಟೆಸ್ಟ್ ಮಾಡಿಸಬಾರದು. ಮೊದಲು ಮೆಡಿಕಲ್ ಜೆನೆಟಿಸಿಸ್ಟ್ ಒಬ್ಬರ ಲಿಖಿತ ಅಭಿಪ್ರಾಯ ಬರಬೇಕು, ವಿಡಿಯೋ ಮೂಲಕವಾದರೂ ಸರಿ.

ಕಾಲದ ಲೆಕ್ಕವೂ ಆ ಹಾಳೆಯಲ್ಲಿದೆ. ಸಿವಿಎಸ್ ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ, ಗರ್ಭನೀರು ಹದಿನಾರರ ನಂತರ. ಗರ್ಭಪಾತದ ಕಾಯ್ದೆಗೆ ಆದ 2021ರ ತಿದ್ದುಪಡಿಯ ಪ್ರಕಾರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಕೆಲವು ವರ್ಗದ ಹೆಂಗಸರಿಗೆ ಮಾತ್ರ, ಅದಕ್ಕೆ ಇಬ್ಬರು ಡಾಕ್ಟರು ಬೇಕು. 24 ದಾಟಿದರೆ ಮಗುವಿನಲ್ಲಿ ಗಂಭೀರ ದೋಷವಿದೆ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು. ತಡವಾಗಿ ಬಂದ ಹೆಣ್ಣುಮಗಳಿಗೆ ಅವಸರದಲ್ಲಿ ತಪ್ಪು ಟೆಸ್ಟ್ ಬರೆಯುವುದೇ ಇಂಥ ಕಡೆ ಹೆಚ್ಚು. ಅದಕ್ಕೇ ಹಿಂದೆ ಮಗು ಕಳೆದುಕೊಂಡ ದಂಪತಿಯನ್ನು ಮುಂದಿನ ಬಸಿರಿಗೆ ಮುಂಚೆಯೇ ಕರೆಸಬೇಕು ಅಂತ ಬರೆದೆವು. ಆಶಾ ಕಾರ್ಯಕರ್ತೆಯರಿಗೆ ಇದೊಂದು ಸಾಲು ತಲುಪಿದರೂ ಬಹಳ ಕೆಲಸ ಆಗುತ್ತದೆ.

ತಂಗಿಯ ಮದುವೆ

ಫಲಿತಾಂಶ ಕೇಳಲು ಬಂದ ಮಾವ ಮೊದಲು ಕೇಳಿದ್ದೇ "ದೋಷ ಯಾರದು ಅದ ಹೇಳ್ರಿ" ಅಂತ. ಇಬ್ಬರಲ್ಲೂ ಸಮ ಇದೆ, ಇದು ದೋಷ ಅನ್ನುವಂಥದ್ದಲ್ಲ ಅಂತ ಹೇಳಿದೆವು. ಎಸ್‌ಎಂಎ ವಾಹಕರು ಎಲ್ಲ ಜಾತಿ, ಎಲ್ಲ ಊರಲ್ಲೂ ಇದ್ದಾರೆ, ರಕ್ತಸಂಬಂಧವಿಲ್ಲದ ಮನೆಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ಬದಲಾವಣೆ ಇರುವ ಸಾಧ್ಯತೆ ಜಾಸ್ತಿ. ಅಷ್ಟೇ ಹೇಳಬೇಕು. ಬೈಯಲು ಇದು ಜಾಗವಲ್ಲ. ಬೈಸಿಕೊಂಡವರು ಮುಂದಿನ ಸಲ ನಮ್ಮ ಹತ್ತಿರ ಬರುವುದೇ ಇಲ್ಲ.

ಆಮೇಲೆ ಗೊತ್ತಾದ ವಿಷಯ: ಹೆಂಡತಿಯ ತಂಗಿಯನ್ನು ಗಂಡನ ತಮ್ಮನಿಗೆ ಕೊಡುವ ಮಾತಾಗಿತ್ತು. ಲೆಕ್ಕ ಹಾಕಿ ನೋಡಿ. ಅಕ್ಕ ತಂಗಿಯರ ತಾಯಿಯೂ ಅಣ್ಣ ತಮ್ಮಂದಿರೂ ಒಡಹುಟ್ಟಿದವರು. ಅಜ್ಜ ಅಜ್ಜಿಯಲ್ಲಿ ಒಬ್ಬರಿಂದ ಇಬ್ಬರಿಗೂ ಬಂದಿದೆ ಅಂತ ಇಟ್ಟುಕೊಂಡರೆ, ತಂಗಿ ವಾಹಕಳಾಗಿರುವ ಸಾಧ್ಯತೆ ಅರ್ಧ, ತಮ್ಮನದೂ ಅರ್ಧ. ಇಬ್ಬರೂ ವಾಹಕರಾಗಿದ್ದರೆ ನಾಲ್ಕರಲ್ಲಿ ಒಂದು. ಒಟ್ಟು ಹದಿನಾರರಲ್ಲಿ ಒಂದು. ಟೆಸ್ಟ್ ಮಾಡಿಸಿದರೆ ಈ ಅಂದಾಜಿನ ಜಾಗದಲ್ಲಿ ಹೆಚ್ಚುಕಮ್ಮಿ ಖಚಿತ ಉತ್ತರ ಸಿಗುತ್ತದೆ. ಪೂರ್ತಿ ಖಚಿತ ಅಲ್ಲ. ಕೆಲವರಲ್ಲಿ ಎರಡೂ ಪ್ರತಿಗಳು ಒಂದೇ ಕ್ರೋಮೋಸೋಮಿನ ಮೇಲೆ ಕೂತಿರುತ್ತವೆ, ಇನ್ನೊಂದರ ಮೇಲೆ ಒಂದೂ ಇರುವುದಿಲ್ಲ, ಅವರು ವಾಹಕರಾದರೂ ಎಂಎಲ್‌ಪಿಎ ಎಣಿಕೆಯಲ್ಲಿ ಎರಡು ಅಂತಲೇ ಬರುತ್ತದೆ.

ನಾವೇ ಫೋನ್ ಮಾಡಿ ತಂಗಿಯನ್ನು ಕರೆಸಬಹುದೇ? ಬೇಡ ಅಂತ ತೀರ್ಮಾನಿಸಿದೆವು. ದಂಪತಿಯ ಫಲಿತಾಂಶ ದಂಪತಿಯದು. ನೆಂಟರಿಗೆ ತೋರಿಸುವಂಥ ಒಂದು ಕನ್ನಡದ ಪತ್ರ ಬರೆದು ಅವರ ಕೈಗೇ ಕೊಟ್ಟೆವು: ಮನೆತನದಲ್ಲಿ ಇಂಥ ಕಾಯಿಲೆ ಇದೆ, ಮದುವೆಯಾಗುವವರು ಬಸಿರಿಗೆ ಮುಂಚೆ ಇಂಥ ಟೆಸ್ಟ್ ಮಾಡಿಸಬಹುದು, ಮಾಡಿಸಲೇಬೇಕು ಅಂತಿಲ್ಲ. ಯಾರ ಹೆಸರೂ ಅದರಲ್ಲಿರಲಿಲ್ಲ. ತಂಗಿ ಬಂದಳು, ತನ್ನ ಅಕ್ಕನ ಜೊತೆ. ಅವಳ ರಿಪೋರ್ಟನ್ನು ಅವಳಿಗೇ ಹೇಳಿದೆವು.

ಈಗ ಎಲ್ಲಿದೆ

ಮಗು ಹುಟ್ಟಿದೆ, ಚೆನ್ನಾಗಿದೆ. ಎರಡು ಹಾಳೆಯ ನಿಯಮಾವಳಿಯನ್ನು ಕಲಬುರಗಿಯ ಕೆಲವು ಕಡೆ ಬಳಸುತ್ತಿದ್ದಾರೆ, ಬೀದರ್ ಮತ್ತು ಯಾದಗಿರಿಯ ಗೆಳೆಯರಿಗೂ ಕಳಿಸಿದ್ದೇವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಆನುವಂಶಿಕ ಕಾಯಿಲೆಗಳಿಗಾಗಿ ಉಮ್ಮೀದ್ ಯೋಜನೆ ಶುರು ಮಾಡಿದಾಗ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ (ಹಿಂದುಳಿದಿವೆ ಅಂತ ಕೇಂದ್ರ ಆರಿಸಿದ ಜಿಲ್ಲೆಗಳು) ಬಸಿರಿಯರ, ಕೂಸುಗಳ ತಪಾಸಣೆಯೂ ಅದರ ಗುರಿಯಲ್ಲಿತ್ತು. ಯಾದಗಿರಿ ಮಹತ್ವಾಕಾಂಕ್ಷಿ ಜಿಲ್ಲೆಯೇ. ತಪಾಸಣೆ ಹೆಚ್ಚಿದಷ್ಟೂ ರಿಪೋರ್ಟುಗಳು ಹೆಚ್ಚುತ್ತವೆ, ಓದಿ ಹೇಳುವವರೂ ಅಷ್ಟೇ ಬೇಕಾಗುತ್ತಾರೆ.

ಇನ್ನೂ ಇತ್ಯರ್ಥವಾಗದ ವಿಷಯ ಎರಡು. ಇಟ್ಟ ಡಿಎನ್‌ಎಯನ್ನು ಎಷ್ಟು ವರ್ಷ ಇಡಬೇಕು, ಖರ್ಚು ಯಾರದು? ಸರ್ಕಾರಿ ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಫ್ರೀಜರಿನಲ್ಲಿ ಒಂದು ಖಾನೆ ಕೇಳಿದ್ದೇವೆ. ಇನ್ನೊಂದು, ಹಳೆಯ ವಿಯುಎಸ್ ರಿಪೋರ್ಟುಗಳದ್ದು. ವರ್ಷಗಳಾದ ಮೇಲೆ ಲ್ಯಾಬ್ ಅದರ ವರ್ಗ ಬದಲಿಸಿದರೆ ಮನೆಯವರಿಗೆ ತಿಳಿಸಬೇಕಾದ್ದು ಲ್ಯಾಬೋ, ಟೆಸ್ಟ್ ಬರೆದ ಡಾಕ್ಟರೋ? ಡಾಕ್ಟರು ವರ್ಗವಾಗಿ ಬೇರೆ ಊರಿಗೆ ಹೋಗಿದ್ದರೆ? ಸದ್ಯಕ್ಕೆ ನಮ್ಮಲ್ಲಿ ಒಂದು ರಿಜಿಸ್ಟರ್ ಇಟ್ಟು, ವರ್ಷಕ್ಕೊಮ್ಮೆ ಲ್ಯಾಬುಗಳಿಗೆ ಬರೆದು ಕೇಳುವುದು ಅಂತ ಮಾಡಿಕೊಂಡಿದ್ದೇವೆ. ರಿಜಿಸ್ಟರ್ ಸ್ಟಾಫ್ ನರ್ಸ್ ಹತ್ತಿರ ಇದೆ.